ಲೈಸೆನ್ಸಿಲ್ಲದ ಕೈಗೆ ಟ್ರ್ಯಾಕ್ಟರು

(ಮುಂಗಾರಿಗೆ ಮುನ್ನ ನಡೆದ ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ರೋಹಿಣಿ ಮಳೆ ಹದವಾಗಿ ಬಿದ್ದ ಮಾರನೆಯ ದಿನ ಹಳ್ಳಿಯಲ್ಲಿ ಯಾವ ಟ್ರ್ಯಾಕ್ಟರೂ ಸುಮ್ಮನೆ ನಿಂತಿರುವುದಿಲ್ಲ. ಕೆಂಪು ಮಣ್ಣಿನ ಹೊಲದಲ್ಲಿ ಹದ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲದು. ಅಷ್ಟರೊಳಗೆ ಉಳುಮೆಯಾಗಬೇಕು, ಕೂರಿಗೆಯೂ ಹೊಲಕ್ಕಿಳಿಯಬೇಕು. ಅಂಥ ಹೊತ್ತಿನಲ್ಲಿ ಸಂಬಳದ ಡ್ರೈವರು ನೆಂಟರ ಮದುವೆಗೆ ಹೋಗಿದ್ದರೆ ಯಜಮಾನನ ಕಣ್ಣು ಮನೆಯ ಹುಡುಗನ ಮೇಲೆ ಬೀಳುತ್ತದೆ. ಹುಡುಗ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಾನೆ. ಡ್ರೈವರಿಗಿಂತ ಚೆನ್ನಾಗಿಯೇ ಓಡಿಸುತ್ತಾನೆ ಎಂದು ತಂದೆ ನಾಲ್ಕು ಜನರೆದುರು ಹೇಳಿಕೊಳ್ಳುವುದೂ ಉಂಟು. ಓಡಿಸಲು ಬರುತ್ತದೆಯೇ ಎಂದು ಪೋಲೀಸರಾಗಲಿ ನ್ಯಾಯಾಲಯವಾಗಲಿ ಕೇಳುವುದಿಲ್ಲ. ಲೈಸೆನ್ಸು ಇದೆಯೇ ಎಂದು ಕೇಳುತ್ತವೆ. ಇಲ್ಲವೆಂದಾದರೆ ಏನೇನು ಆಗುತ್ತದೆ ಎಂಬುದನ್ನು ಬಿತ್ತನೆಯ ಗಡಿಬಿಡಿ ಶುರುವಾಗುವ ಮುನ್ನವೇ ತಿಳಿದಿರುವುದು ಒಳ್ಳೆಯದು.

ಬಹಳ ಮಂದಿ ರೈತರಲ್ಲಿ ಒಂದು ತಿಳಿವಳಿಕೆ ಇದೆ: ಟ್ರ್ಯಾಕ್ಟರು ಬೇಸಾಯದ ಉಪಕರಣ, ನೇಗಿಲು ಕುಂಟೆ ಇದ್ದ ಹಾಗೆ, ಅದಕ್ಕೇಕೆ ಲೈಸೆನ್ಸು? ಇದರಲ್ಲಿ ಅರ್ಧ ನಿಜವಿದೆ. ಮೋಟಾರು ವಾಹನಗಳ ಕಾಯಿದೆ, 1988, ಇದರ 3ನೆಯ ಕಲಂ ಪ್ರಕಾರ ಲೈಸೆನ್ಸು ಬೇಕಾಗುವುದು ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸುವಾಗ. ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಜಾಗ ಸಾರ್ವಜನಿಕ ಸ್ಥಳವೆನಿಸುತ್ತದೆ. ಸ್ವಂತ ಹೊಲದ ಬದುವಿನೊಳಗೆ ಉಳುವಾಗ ಈ ಕಲಂ ಅನ್ವಯಿಸುವುದಿಲ್ಲ. ಆದರೆ ಮನೆಯ ಮುಂದಿನಿಂದ ಹೊಲಕ್ಕೆ ಟ್ರ್ಯಾಕ್ಟರು ಹೇಗೆ ಹೋಗುತ್ತದೆ? ಊರ ಬೀದಿಯಲ್ಲಿ, ಬಂಡಿದಾರಿಯಲ್ಲಿ, ಕೆರೆ ಏರಿಯ ಮೇಲೆ, ಒಮ್ಮೊಮ್ಮೆ ರಾಜ್ಯ ಹೆದ್ದಾರಿಯನ್ನೇ ದಾಟಿ. ದಾರಿ ಅರ್ಧ ಫರ್ಲಾಂಗೇ ಇರಲಿ, ಅಷ್ಟಕ್ಕೂ ಲೈಸೆನ್ಸು ಬೇಕು. ಅಪಘಾತಗಳಾಗುವುದೂ ಹೆಚ್ಚಾಗಿ ಇಂಥ ಕಡೆಯೇ. ಸಂಜೆ ಮಬ್ಬಿನಲ್ಲಿ, ಹಿಂದೆ ಕೆಂಪು ದೀಪವಿಲ್ಲದ ಟ್ರೈಲರು ಬಂಡಿದಾರಿಯಿಂದ ಡಾಂಬರು ರಸ್ತೆಗೆ ತಿರುಗುವ ಮೂಲೆಯಲ್ಲಿ.

ಎರಡನೆಯ ತಪ್ಪು ತಿಳಿವಳಿಕೆ ಮೋಟಾರು ಬೈಕಿನ ಲೈಸೆನ್ಸಿನದು. ಜೇಬಿನಲ್ಲಿ ಒಂದು ಕಾರ್ಡು ಇದ್ದರೆ ಸಾಕು, ಯಾವ ವಾಹನವನ್ನಾದರೂ ನಡೆಸಬಹುದು ಎಂದುಕೊಂಡವರಿದ್ದಾರೆ. ಲೈಸೆನ್ಸನ್ನು ವಾಹನದ ವರ್ಗಕ್ಕೆ ತಕ್ಕಂತೆ ಕೊಡಲಾಗುತ್ತದೆ. ಬೈಕಿನ ಲೈಸೆನ್ಸು ಹಿಡಿದು ಟ್ರ್ಯಾಕ್ಟರು ಏರಿದವನು ಕಾನೂನಿನ ಕಣ್ಣಿಗೆ ಲೈಸೆನ್ಸೇ ಇಲ್ಲದವನು. ಟ್ರ್ಯಾಕ್ಟರಿಗೆ ಬೇಕಾದುದು ಟ್ರ್ಯಾಕ್ಟರಿನ ಲೈಸೆನ್ಸು ಅಥವಾ ಲಘು ಮೋಟಾರು ವಾಹನದ, ಅಂದರೆ ಎಲ್.ಎಂ.ವಿ. ಲೈಸೆನ್ಸು. ಬರಿದೂಕ 7,500 ಕಿಲೋಗ್ರಾಂ ಮೀರದ ಟ್ರ್ಯಾಕ್ಟರನ್ನು ಕಾಯಿದೆಯ 2ನೆಯ ಕಲಂ ಲಘು ವಾಹನಗಳ ಗುಂಪಿಗೆ ಸೇರಿಸಿದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು. ಆದುದರಿಂದ ಈ ಮಿತಿಯ ಬಗ್ಗೆ ರೈತರು ಚಿಂತಿಸಬೇಕಾಗಿಲ್ಲ.

ಟ್ರೈಲರು ಕಟ್ಟಿದರೆ ಬೇರೆ ಲೈಸೆನ್ಸು ಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಟ್ರ್ಯಾಕ್ಟರು ನಡೆಸುವ ಲೈಸೆನ್ಸು ಇದ್ದವನಿಗೆ, ಅದಕ್ಕೆ ಟ್ರೈಲರು ಕಟ್ಟಿ ಸಾಮಾನು ಹೇರಿದ ಮಾತ್ರಕ್ಕೆ ಆ ಲೈಸೆನ್ಸು ಇಲ್ಲದಂತಾಗುವುದಿಲ್ಲ ಎಂದು ಆ ನ್ಯಾಯಾಲಯ 2001ರಲ್ಲಿ ಹೇಳಿತು. ಲಘು ವಾಹನದ ಲೈಸೆನ್ಸು ಇರುವವರು 7,500 ಕಿಲೋಗ್ರಾಂ ಒಳಗಿನ ಸಾಗಾಣಿಕೆ ವಾಹನವನ್ನೂ ನಡೆಸಬಹುದೆಂದು 2017ರಲ್ಲಿ ತೀರ್ಪಾಯಿತು. ಇದನ್ನು ಮರುಪರಿಶೀಲಿಸಿದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಅದನ್ನೇ ಎತ್ತಿಹಿಡಿಯಿತು. ಕಬ್ಬು ಸಾಗಿಸುವ ರೈತರಿಗೆ ಇದು ದೊಡ್ಡ ಸಮಾಧಾನದ ವಿಷಯ. ಲೈಸೆನ್ಸಿನ ಮಟ್ಟಿಗೆ ಮಾತ್ರ, ಎಂಬುದನ್ನು ಮರೆಯಬಾರದು. ಎರಡು ಟ್ರೈಲರು ಕಟ್ಟಿ ಲಾರಿಗಿಂತ ಎತ್ತರಕ್ಕೆ ಕಬ್ಬು ಹೇರುವುದಕ್ಕೆ ಈ ತೀರ್ಪುಗಳಲ್ಲಿ ಯಾವ ಅಪ್ಪಣೆಯೂ ಇಲ್ಲ.

ಇನ್ನು ಶಿಕ್ಷೆಯ ವಿಚಾರ. ಲೈಸೆನ್ಸಿಲ್ಲದೆ ಅಥವಾ ವಯಸ್ಸಾಗದೆ ವಾಹನ ನಡೆಸಿದವನಿಗೆ 181ನೆಯ ಕಲಂ ಪ್ರಕಾರ ಮೂರು ತಿಂಗಳವರೆಗೆ ಕಾರಾಗೃಹ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. 2019ರ ತಿದ್ದುಪಡಿಗೆ ಮುಂಚೆ ಈ ದಂಡ 500 ರೂಪಾಯಿ ಮೀರುತ್ತಿರಲಿಲ್ಲ. ಹಳೆಯ ದಂಡವನ್ನೇ ನೆನಪಿಟ್ಟುಕೊಂಡು 'ಕಟ್ಟಿದರಾಯಿತು' ಎನ್ನುವವರು ಇದನ್ನು ಗಮನಿಸಬೇಕು. ಕೆಲವು ಅಪರಾಧಗಳಿಗೆ ಸ್ಥಳದಲ್ಲೇ ಕಟ್ಟಿ ಮುಗಿಸುವ ರಾಜಿ ದಂಡವನ್ನು ಆಯಾ ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಇಂಥ ಕೆಲವು ಮೊತ್ತಗಳನ್ನು ಇಳಿಸಿದ್ದೂ ಉಂಟು.

ಆದರೆ ರೈತರು ಗಮನ ಕೊಡಬೇಕಾದುದು ಇದರ ಪಕ್ಕದ ಕಲಮಿಗೆ. 5ನೆಯ ಕಲಂ ಪ್ರಕಾರ ಲೈಸೆನ್ಸಿಲ್ಲದವನ ಕೈಗೆ ವಾಹನ ಕೊಡುವುದೇ ತಪ್ಪು. 180ನೆಯ ಕಲಂ ಪ್ರಕಾರ ಕೊಟ್ಟ ಮಾಲೀಕನಿಗೂ ಮೂರು ತಿಂಗಳವರೆಗೆ ಕಾರಾಗೃಹ ಅಥವಾ 5,000 ರೂಪಾಯಿ ದಂಡ. ಓಡಿಸಿದವನು ಕೂಲಿಯಾಳಾಗಲಿ, ಪಕ್ಕದ ಹೊಲದವನಾಗಲಿ, ಅಳಿಯನಾಗಲಿ, ಆರ್.ಸಿ. ಪುಸ್ತಕದಲ್ಲಿ ಹೆಸರಿರುವ ಯಜಮಾನ ಮನೆಯಲ್ಲಿ ಕುಳಿತೇ ಅಪರಾಧಿಯಾಗುತ್ತಾನೆ. ಜೊತೆಗೆ 207ನೆಯ ಕಲಂ ಪ್ರಕಾರ ವಾಹನವನ್ನು ಪೋಲೀಸರು ವಶಕ್ಕೆ ತೆಗೆದುಕೊಳ್ಳಬಹುದು. ಬಿತ್ತನೆಯ ಹದದಲ್ಲಿ ಟ್ರ್ಯಾಕ್ಟರು ಠಾಣೆಯ ಆವರಣದಲ್ಲಿ ನಾಲ್ಕು ದಿನ ನಿಂತರೆ ಆಗುವ ನಷ್ಟ ದಂಡಕ್ಕಿಂತ ಎಷ್ಟು ಹೆಚ್ಚೆಂದು ರೈತನಿಗೆ ಬೇರೆಯವರು ಲೆಕ್ಕ ಹಾಕಿ ಹೇಳಬೇಕಾಗಿಲ್ಲ.

ಓಡಿಸಿದವನು ಹದಿನೆಂಟು ತುಂಬದ ಹುಡುಗನಾದರೆ ವಿಷಯ ಇನ್ನೂ ಬಿಗಿಯಾಗುತ್ತದೆ. 2019ರಲ್ಲಿ ಸೇರಿಸಿದ 199ಎ ಎಂಬ ಕಲಂ ಇಂಥ ಹುಡುಗ ವಾಹನ ನಡೆಸಿ ಅಪರಾಧವೆಸಗಿದಾಗ ಅವನ ಪೋಷಕರನ್ನು ಅಥವಾ ವಾಹನದ ಮಾಲೀಕನನ್ನೇ ಅಪರಾಧಿಯೆಂದು ಪರಿಗಣಿಸುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಕಾರಾಗೃಹ, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ; ಎಂದರೆ ಒಂದು ಮುಂಗಾರು, ಒಂದು ಹಿಂಗಾರು ಆ ಟ್ರ್ಯಾಕ್ಟರು ರಸ್ತೆ ಹತ್ತುವಂತಿಲ್ಲ. ಬ್ಯಾಂಕಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. ತನಗೆ ತಿಳಿಯದಂತೆ ಹುಡುಗ ಕೀಲಿ ತೆಗೆದುಕೊಂಡು ಹೋದ, ತಾನು ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ತಂದೆ ರುಜುವಾತು ಮಾಡಿದರೆ ಬಿಡುಗಡೆ ಉಂಟು. ಆದರೆ ತಂದೆಯ ಒಪ್ಪಿಗೆಯಿಂದಲೇ ನಡೆಸಿದ ಎಂದು ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳುತ್ತದೆ. ಹಾಗಲ್ಲವೆಂದು ತೋರಿಸುವ ಭಾರ ತಂದೆಯದು. ಊರೆಲ್ಲ ನೋಡುವಂತೆ ದಿನವೂ ಮಗನಿಂದ ಓಡಿಸಿದವನಿಗೆ ಈ ರುಜುವಾತು ಎಲ್ಲಿಂದ ಸಿಕ್ಕೀತು?

ಇಲ್ಲಿಯವರೆಗೆ ಹೇಳಿದ್ದು ಅಪಘಾತವಾಗದೆ ಇದ್ದರೂ ಬರುವ ತೊಂದರೆ. ಅಪಘಾತವಾದರೆ ಬರುವ ತೊಂದರೆಯ ಮುಂದೆ ಇದೆಲ್ಲ ಚಿಕ್ಕದು.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಬೈಕಿನಲ್ಲಿ ಹೋಗುತ್ತಿದ್ದ ಮೂವತ್ತು ವರ್ಷದ ಗಾರೆ ಕೆಲಸಗಾರನೊಬ್ಬ ಟ್ರೈಲರಿಗೆ ಸಿಕ್ಕಿ ಸತ್ತನೆಂದುಕೊಳ್ಳೋಣ. ತಿಂಗಳ ಆದಾಯ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಪರಿಹಾರದ ಲೆಕ್ಕವನ್ನು ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಮಾಡಿದೆ. ಸ್ವಂತ ದುಡಿಮೆಯವನಾದರೂ ನಲವತ್ತರೊಳಗಿನ ವಯಸ್ಸಾದ್ದರಿಂದ ಮುಂದಿನ ಏಳಿಗೆಗೆಂದು ಆದಾಯಕ್ಕೆ ಶೇಕಡ 40 ಸೇರಿಸುತ್ತಾರೆ; 21,000 ಆಯಿತು. ಅವಲಂಬಿತರು ನಾಲ್ವರಾದ್ದರಿಂದ ಸತ್ತವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯುತ್ತಾರೆ; 15,750 ಉಳಿಯಿತು. ವರ್ಷಕ್ಕೆ 1,89,000. ಮೂವತ್ತನೆಯ ವಯಸ್ಸಿಗೆ ಗುಣಕ 17. ಗುಣಿಸಿದರೆ 32,13,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಹೆಂಡತಿ ಮಕ್ಕಳಿಗಾದ ಅಗಲಿಕೆ ಮೊದಲಾದ ಬಾಬುಗಳು ಬೇರೆ, ಬಡ್ಡಿ ಬೇರೆ. ಇದು ವಿಪರೀತದ ಮೊತ್ತವಲ್ಲ. ಆ ಮನೆಯ ದುಡಿಮೆಗಾರ ಹೋದದ್ದಕ್ಕೆ ಕಾನೂನು ಕಟ್ಟುವ ಸಾಧಾರಣ ಬೆಲೆ. ಎರಡು ಮೂರು ಎಕರೆ ಖುಷ್ಕಿ ಜಮೀನಿನ ರೈತ ಎಷ್ಟು ವರ್ಷ ರಾಗಿ ಬೆಳೆದು ಇದನ್ನು ತೀರಿಸಬೇಕು?

ಈ ಹಣ ಕೊಡುವುದಕ್ಕೆಂದೇ ಮೂರನೆಯವರ ವಿಮೆ ಇರುವುದು. 146ನೆಯ ಕಲಂ ಅದನ್ನು ಕಡ್ಡಾಯ ಮಾಡಿದೆ. ಇಲ್ಲದೆ ವಾಹನ ನಡೆಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಕಾರಾಗೃಹವೂ ಆಗಬಹುದು. ಆದರೆ ವಿಮೆಯ ಕರಾರಿನಲ್ಲಿ ಒಂದು ಷರತ್ತು ಇರುತ್ತದೆ: ವಾಹನ ನಡೆಸುವವನು ತಕ್ಕ ಲೈಸೆನ್ಸು ಹೊಂದಿರಬೇಕು. ಈ ಷರತ್ತು ಮುರಿದರೆ ಕಂಪನಿ ತನಗೆ ಹೊಣೆಯಿಲ್ಲವೆಂದು ವಾದಿಸಬಹುದೆಂದು ಕಾಯಿದೆಯೇ ಹೇಳುತ್ತದೆ. ಕಂತು ತಪ್ಪದೆ ಕಟ್ಟಿದ ವಿಮೆ ಬೇಕಾದ ದಿನವೇ ಕೈಗೆ ಸಿಗುವುದಿಲ್ಲ.

ಹಾಗಾದರೆ ಸತ್ತವನ ಮನೆಯವರ ಗತಿಯೇನು? 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೊಂದು ದಾರಿ ತೋರಿಸಿತು. ಲೈಸೆನ್ಸಿನ ಷರತ್ತು ಮುರಿದಿದ್ದರೂ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಆಜ್ಞೆ ಮಾಡಬಹುದು. ನೊಂದ ಕುಟುಂಬಕ್ಕೆ ಇದು ನ್ಯಾಯ. ಟ್ರ್ಯಾಕ್ಟರಿನ ಮಾಲೀಕನಿಗೆ ಮಾತ್ರ ಯಾವ ದಾರಿಯಲ್ಲಿ ಹೋದರೂ ಹೊರೆ ಕೊನೆಗೆ ತನ್ನ ಹೆಗಲಿಗೇ. ವಸೂಲಿಯ ಬಗೆಯನ್ನೂ ತಿಳಿದಿರಬೇಕು. 174ನೆಯ ಕಲಂ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದರೆ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಭೂಕಂದಾಯದ ಬಾಕಿ ಎಂದರೆ ಏನು, ಜಪ್ತಿ ಎಂದರೆ ಏನು ಎಂಬುದು ಪಹಣಿ ನೋಡಿ ಬಲ್ಲ ರೈತರಿಗೆ ಗೊತ್ತೇ ಇದೆ. ಮಗನನ್ನು ಒಂದು ಸಂಜೆ ಟ್ರ್ಯಾಕ್ಟರು ಹತ್ತಿಸಿದ್ದಕ್ಕೆ ತಾತನ ಕಾಲದ ಜಮೀನು ಹರಾಜಿಗೆ ಬರುವುದು ಹೀಗೆ.

ಅದೇ ತೀರ್ಪಿನಲ್ಲಿ ಮಾಲೀಕನಿಗೆ ಅನುಕೂಲವಾದ ಮಾತೂ ಇದೆ. ಲೈಸೆನ್ಸು ಇರಲಿಲ್ಲವೆಂದು ತೋರಿಸಿದರಷ್ಟೇ ಸಾಲದು. ಮಾಲೀಕ ತಕ್ಕ ಎಚ್ಚರಿಕೆ ವಹಿಸಲಿಲ್ಲ ಎಂಬುದನ್ನೂ ಕಂಪನಿ ರುಜುವಾತು ಮಾಡಬೇಕು. ಡ್ರೈವರನ್ನು ಇಟ್ಟುಕೊಳ್ಳುವಾಗ ಲೈಸೆನ್ಸು ಕೇಳಿ ನೋಡಿದ್ದು, ಅದು ಮೇಲ್ನೋಟಕ್ಕೆ ಸರಿಯಾಗಿದ್ದು, ಆಮೇಲೆ ನಕಲಿ ಎಂದು ತಿಳಿದುಬಂದರೆ ಮಾಲೀಕನ ರಕ್ಷಣೆಗೆ ಅವಕಾಶವಿದೆ. ಅದಕ್ಕಾಗಿ ಡ್ರೈವರಿನ ಲೈಸೆನ್ಸಿನ ಒಂದು ಜೆರಾಕ್ಸನ್ನು ಆರ್.ಸಿ., ವಿಮೆ ಕಾಗದಗಳ ಜೊತೆ ಇಟ್ಟುಕೊಳ್ಳಬೇಕು. ಒಮ್ಮೆ ನೋಡಿದರೆ ಮುಗಿಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಗಾಯಗೊಂಡು ಪರಿಹಾರ ಕೇಳಿದವನು ಲಾರಿಯ ಡ್ರೈವರೇ. ಅವನ ಲೈಸೆನ್ಸು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಅವಧಿ ಮುಗಿದ ಮೇಲೆ ಬಹುಕಾಲ ನವೀಕರಿಸಿರಲಿಲ್ಲ. ಅವಧಿ ಯಾವಾಗ ಮುಗಿಯುತ್ತದೆಂದು ನೋಡಿಕೊಳ್ಳುವುದು ಕೆಲಸಕ್ಕಿಟ್ಟುಕೊಂಡವನ ಹೊಣೆ ಎಂದು ಹೇಳಿ ನ್ಯಾಯಾಲಯ ವಿಮಾ ಕಂಪನಿಯನ್ನು ಬಿಟ್ಟು, ಭಾರವನ್ನು ಮಾಲೀಕನ ಮೇಲೆ ಹೊರಿಸಿತು. ಐದಾರು ವರ್ಷದಿಂದ ಒಬ್ಬನೇ ಡ್ರೈವರನ್ನು ಮನೆಯವನಂತೆ ಇಟ್ಟುಕೊಂಡಿರುವ ರೈತರು ಈ ಪ್ರಕರಣವನ್ನು ನೆನಪಿನಲ್ಲಿಡಬೇಕು. ಮನೆಯವನಂತಾದವನ ಬಳಿ ಕಾಗದ ಕೇಳುವುದು ಸಂಕೋಚವೆಂಬುದು ನಿಜವೇ.

ಮಾಲೀಕ ತಾನೇ ಓಡಿಸುತ್ತಿದ್ದು ತಾನೇ ಸತ್ತರೆ ಅಥವಾ ಅಂಗಹೀನನಾದರೆ ಎಂದು ವಿಮೆಯೊಡನೆ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. 2018ರಲ್ಲಿ ಇದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದಕ್ಕೂ ಷರತ್ತು ಅದೇ: ಮಾಲೀಕನ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸು ಇರಬೇಕು. ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರು ಓಡಿಸುತ್ತ, ಇನ್ನೂ ಲೈಸೆನ್ಸು ಮಾಡಿಸದ ಹಿರಿಯರ ಮನೆಯ ಹೆಂಗಸರಿಗೆ ಈ ವಿಷಯ ತಿಳಿದಿದ್ದರೆ ಒಳ್ಳೆಯದು. ಅವರು ಹೇಳಿದರೆ ಬೇಗ ಆಗುತ್ತದೆ.

ಲೈಸೆನ್ಸು ಇದ್ದರೂ ವಿಮೆ ಕೈಕೊಡುವ ಇನ್ನೊಂದು ಸಂದರ್ಭವಿದೆ. ಬೇಸಾಯದ ಬಳಕೆಗೆಂದು ಮಾತ್ರ ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಮಣ್ಣು ಹೊಡೆಯಲು, ಆಳುಗಳನ್ನು ಟ್ರೈಲರಿನಲ್ಲಿ ಕೂರಿಸಿಕೊಂಡು ಹೋಗಲು ಬಳಸುವುದು. 2007ರ ಒಂದು ಪ್ರಕರಣದಲ್ಲಿ ಹೀಗೆ ಹೋಗುತ್ತಿದ್ದ ಕೂಲಿಯೊಬ್ಬ ಬಿದ್ದು ಗಾಯಗೊಂಡಾಗ, ಕಾನೂನಿನಂತೆ ಕಂಪನಿಗೆ ಹೊಣೆಯಿಲ್ಲವೆಂದೇ ಸುಪ್ರೀಂ ಕೋರ್ಟು ಹೇಳಿತು. ಅವನ ಬಡತನ ನೋಡಿ ಹಣ ಕೊಡಿಸಿ, ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಅವಕಾಶ ಕೊಟ್ಟಿತು.

ಅಪಘಾತವಾದ ಮೇಲೆ ಹಳ್ಳಿಗಳಲ್ಲಿ ಒಂದು ಉಪಾಯ ಹೂಡುವುದುಂಟು. ಓಡಿಸಿದ ಹುಡುಗನನ್ನು ಮರೆಮಾಡಿ, ಲೈಸೆನ್ಸಿರುವ ಇನ್ನೊಬ್ಬನ ಹೆಸರನ್ನು ಠಾಣೆಯಲ್ಲಿ ಬರೆಸುವುದು. ಹಿತೈಷಿಗಳೇ ಇದನ್ನು ಹೇಳಿಕೊಡುತ್ತಾರೆ. ಮಹಜರು, ಗಾಯದ ಪ್ರಮಾಣಪತ್ರ, ನೋಡಿದವರ ಹೇಳಿಕೆ ಇವುಗಳನ್ನು ತಾಳೆ ನೋಡಿದಾಗ ಸುಳ್ಳು ಹೊರಬೀಳುವ ಸಂಭವವೇ ಹೆಚ್ಚು. ಆಗ ಹಳೆಯ ತಪ್ಪಿನ ಜೊತೆಗೆ ಸುಳ್ಳು ಮಾಹಿತಿಯ ಅಪರಾಧವೂ ಸೇರುತ್ತದೆ, ಹೆಸರು ಕೊಟ್ಟ ಬಡಪಾಯಿಯೂ ಸಿಕ್ಕಿಕೊಳ್ಳುತ್ತಾನೆ. ಸಾವಾಗಿದ್ದರೆ ಅವನು ಹೊರಬೇಕಾದ ಆರೋಪ ಸಣ್ಣದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕತೆಯಿಂದ ಸಾವು ತಂದವನಿಗೆ ಐದು ವರ್ಷದವರೆಗೆ ಶಿಕ್ಷೆ ಇದೆ. ಹಳೆಯ ದಂಡಸಂಹಿತೆಯಲ್ಲಿ ಅದು ಎರಡು ವರ್ಷ. ಮಾಡಬೇಕಾದುದು ಬೇರೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಇಪ್ಪತ್ನಾಲ್ಕು ಗಂಟೆಯೊಳಗೆ ಠಾಣೆಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು ಇವೆಲ್ಲ 134ನೆಯ ಕಲಂ ಪ್ರಕಾರ ಕರ್ತವ್ಯಗಳು. ಲೈಸೆನ್ಸಿಲ್ಲ ಎಂದ ಮಾತ್ರಕ್ಕೆ ಅಪಘಾತದ ತಪ್ಪೂ ಅವನದೇ ಎಂದು ತೀರ್ಮಾನವಾಗುವುದಿಲ್ಲ ಎಂಬುದೂ ತಿಳಿದಿರಲಿ. ಲೈಸೆನ್ಸಿಲ್ಲದೆ ಹೋಗುತ್ತಿದ್ದವನಿಗೆ ಬೇರೆ ವಾಹನ ಬಂದು ಗುದ್ದಿದರೆ, ತಪ್ಪು ಗುದ್ದಿದವನದಾಗಿರುವಲ್ಲಿ ಪರಿಹಾರ ಕಡಿತವಾಗಬೇಕಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ಹೆದರಿ ಸುಳ್ಳು ಹೇಳುವ ಕಾರಣವಿಲ್ಲ.

ಲೈಸೆನ್ಸು ಪಡೆಯುವುದು ರೈತರು ಅಂದುಕೊಂಡಷ್ಟು ಕಷ್ಟವಲ್ಲ. ಹದಿನೆಂಟು ತುಂಬಿರಬೇಕು. ಸಾಗಾಣಿಕೆ ವಾಹನದ ಡ್ರೈವರಿಗೆ ಎಂಟನೆಯ ತರಗತಿ ಆಗಿರಬೇಕೆಂಬ ನಿಯಮವಿತ್ತು. ಅದನ್ನೂ 2019ರಲ್ಲಿ ತೆಗೆದುಹಾಕಲಾಯಿತು. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮನೆಯ ಓದಿದ ಮಕ್ಕಳು ಈ ಕೆಲಸ ಮಾಡಿಕೊಡಬಲ್ಲರು. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ ಕೊಡಬೇಕು. ಮೊದಲು ಕಲಿಯುವವರ ಲೈಸೆನ್ಸು. ಇದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಮೂವತ್ತು ದಿನ ಕಳೆದ ಮೇಲೆ ಆರ್.ಟಿ.ಓ. ಕಚೇರಿಯಲ್ಲಿ ಓಡಿಸಿ ತೋರಿಸಬೇಕು. ಕಲಿಯುವವರ ಲೈಸೆನ್ಸಿನಲ್ಲಿ ರಸ್ತೆಗೆ ಹೋಗುವಾಗ ಮುಂದೆ ಹಿಂದೆ ಕೆಂಪು 'ಎಲ್' ಅಕ್ಷರದ ಫಲಕ ಇರಬೇಕು, ಲೈಸೆನ್ಸುಳ್ಳ ಒಬ್ಬರು ವಾಹನವನ್ನು ನಿಲ್ಲಿಸಬಲ್ಲ ಜಾಗದಲ್ಲಿ ಜೊತೆಗೆ ಕೂತಿರಬೇಕು. ಟ್ರ್ಯಾಕ್ಟರಿನಲ್ಲಿ ಇರುವುದೇ ಒಂದು ಸೀಟು. ಕಲಿಸುವವರು ಮಡ್‌ಗಾರ್ಡಿನ ಮೇಲೆ ಕೂರುವುದು ರೂಢಿ, ಅದು ಅಪಾಯದ ರೂಢಿ. ಆದುದರಿಂದ ರಸ್ತೆಯ ಪಾಠಕ್ಕೆ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿತು ಲಘು ವಾಹನದ ಲೈಸೆನ್ಸೇ ಪಡೆಯುವುದು ಮೇಲು. ಟ್ರ್ಯಾಕ್ಟರಿನ ಕೈವಾಡವನ್ನು ಕೊಯ್ಲಾದ ಬಯಲು ಹೊಲದಲ್ಲಿ, ಉಪಕರಣ ಬಿಚ್ಚಿಟ್ಟು, ಮೊದಲ ಗೇರಿನಲ್ಲಿ ಕಲಿಯಬಹುದು.

ಈಗಾಗಲೇ ಲೈಸೆನ್ಸು ಉಳ್ಳವರು ಕಾರ್ಡಿನ ಮೇಲಿನ ಕೊನೆಯ ತಾರೀಖನ್ನು ನೋಡಿಕೊಳ್ಳಬೇಕು. 2019ರ ತಿದ್ದುಪಡಿಯಂತೆ ಮೂವತ್ತು ತುಂಬದವರಿಗೆ ಕೊಟ್ಟ ಲೈಸೆನ್ಸು ನಲವತ್ತರವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತರವರೆಗೆ, ಅದಕ್ಕೆ ಮೇಲ್ಪಟ್ಟವರಿಗೆ ಐದು ವರ್ಷ ನಡೆಯುತ್ತದೆ. ಅವಧಿ ಮುಗಿದ ಮೇಲೂ ಮೂವತ್ತು ದಿನ ನಡೆಯುತ್ತದೆಂಬ ಹಳೆಯ ರಿಯಾಯಿತಿಯನ್ನು ಆ ತಿದ್ದುಪಡಿಯೇ ತೆಗೆದುಹಾಕಿದೆ. ಮುಗಿದ ಮಾರನೆಯ ದಿನದಿಂದ ಲೈಸೆನ್ಸು ಇಲ್ಲವೆಂದೇ ಅರ್ಥ. ನವೀಕರಣಕ್ಕೆ ಅವಧಿಗೆ ಒಂದು ವರ್ಷ ಮುಂಚಿನಿಂದಲೇ ಅರ್ಜಿ ಹಾಕಬಹುದು. ಮುಗಿದು ವರ್ಷ ಕಳೆದಿದ್ದರೆ ಮತ್ತೆ ಓಡಿಸಿ ತೋರಿಸುವ ಪರೀಕ್ಷೆ ಕೊಡಬೇಕಾಗುತ್ತದೆ. ಕಾರ್ಡು ಮನೆಯಲ್ಲೇ ಉಳಿದರೆ ಡಿಜಿಲಾಕರಿನಲ್ಲಿರುವ ಪ್ರತಿಯನ್ನು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ.